ಮಾರ್ಖಾ ಕಣಿವೆ: ಹಂಕರ್‌ನಲ್ಲಿ ಎರಡು ರಾತ್ರಿ

ಲಡಾಖಿನ ಮಾರ್ಖಾ ಕಣಿವೆಗೆ ಹೊರಟವರು ಮೊದಲು ಕೇಳುವುದು "ಒಟ್ಟು ಎಷ್ಟು ಕಿಲೋಮೀಟರು?" ಅಂತ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದ ಕಾಲಿಗೆ ಅಲ್ಲಿಯ ದೂರ ಏನೇನೂ ಅಲ್ಲ. ಆದರೆ ಕುಮಾರಪರ್ವತದ ನೆತ್ತಿ ಇರುವುದು 1,712 ಮೀಟರಿನಲ್ಲಿ. ಲೇಹ್‌ನಲ್ಲಿ ವಿಮಾನದಿಂದ ಕಾಲಿಡುವ ನೆಲವೇ ಹತ್ತಿರಹತ್ತಿರ ಅದರ ಎರಡು ಪಟ್ಟು. ಬೆಳಗ್ಗೆ ಬೆಂಗಳೂರಿನ ಒಂಬೈನೂರು ಚಿಲ್ಲರೆ ಮೀಟರಿನಲ್ಲಿದ್ದ ಮೈ ಮಾರನೆಯ ದಿನ 3,500 ಮೀಟರಿನಲ್ಲಿ ಉಸಿರಾಡಬೇಕು. ಹಾಗಾಗಿ ನಾನು ಕಾಗದದ ಮೇಲೆ ಮೊದಲು ಬರೆದುಕೊಳ್ಳುವುದು ಮಲಗುವ ಊರುಗಳ ಎತ್ತರ. ನಡೆಯುವ ದೂರ ಆಮೇಲೆ.

ಲೇಹ್‌ನ ದಕ್ಷಿಣಕ್ಕೆ ನಿಂತ ಸ್ಟೋಕ್ ಬೆಟ್ಟಸಾಲಿನ ಆಚೆಬದಿಯಲ್ಲಿದೆ ಈ ಕಣಿವೆ. ಮಾರ್ಖಾ ಹೊಳೆ ಪಶ್ಚಿಮಕ್ಕೆ ಹರಿದು ಝನ್ಸ್ಕಾರ್ ನದಿ ಸೇರುತ್ತದೆ. ಸುತ್ತಲಿನದೆಲ್ಲ ಹೇಮಿಸ್ ರಾಷ್ಟ್ರೀಯ ಉದ್ಯಾನ. 1981ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ ಸುಮಾರು 4,400 ಚದರ ಕಿಲೋಮೀಟರ್. ಉದ್ಯಾನವೆಂದರೆ ನಾಗರಹೊಳೆಯ ಹಸಿರು ಕಣ್ಣಮುಂದೆ ಬರುತ್ತದಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಹೊರಡಿ. ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಾಡು. ಬೆಟ್ಟಗಳು ಬೋಳು, ನೇರಳೆ, ತುಕ್ಕುಗೆಂಪು, ಪಾಚಿಹಸಿರು ಪಟ್ಟೆಗಳ ಕಲ್ಲು. ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಿರುಗಿಸಿಕೊಂಡ ಕಡೆ ಮಾತ್ರ ಬಾರ್ಲಿ, ಬಟಾಣಿ, ಸಾಸಿವೆ, ಬದುವಿನಲ್ಲಿ ವಿಲೋ ಮತ್ತು ಪಾಪ್ಲರ್ ಮರ. ಹಸಿರಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಕಾಲುವೆಯೂ ಮುಗಿದಿರುತ್ತದೆ, ಗೆರೆ ಎಳೆದ ಹಾಗೆ.

ಲೇಹ್‌ನಲ್ಲಿ ಮೂರು ರಾತ್ರಿ, ಇದರಲ್ಲಿ ಚೌಕಾಶಿ ಇಲ್ಲ. ಮೊದಲ ದಿನ ಮಲಗಿರುವುದು, ನೀರು ಕುಡಿಯುವುದು, ಅಷ್ಟೆ. ಮದ್ಯ ಬೇಡ, ನಿದ್ರೆ ಮಾತ್ರೆಯಂತೂ ಬೇಡವೇ ಬೇಡ. ಎರಡನೆಯ ದಿನ ಪೇಟೆ ಸುತ್ತಿ, ಸಂಜೆ ಶಾಂತಿ ಸ್ತೂಪದ ಮೆಟ್ಟಿಲು. ಮೂರನೆಯ ದಿನ ಸೆಮೊ ಗುಡ್ಡ. ಮೆಟ್ಟಿಲು ಹತ್ತುವಾಗ ಮಾತಾಡುತ್ತಾ ಹತ್ತಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಎರಡನೆಯ ದಿನವೇ ಖರ್ದುಂಗ್ ಲಾಗೆ (ಲಾ ಎಂದರೆ ಬೆಟ್ಟಸಾಲು ದಾಟುವ ಘಟ್ಟ) ಕಾರಿನಲ್ಲಿ ಹೋಗಿ ಫೋಟೊ ತೆಗೆಸಿಕೊಂಡು ಬರುವವರಿದ್ದಾರೆ. ಆ ರಾತ್ರಿಯ ತಲೆನೋವಿಗೆ ಅವರೇ ಜವಾಬ್ದಾರರು.

ಎತ್ತರದ ಕಾಯಿಲೆ ಬಾರದಂತೆ ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆಯ ವಿಚಾರ: ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಎತ್ತರಕ್ಕೆ ಏರುವ ಹಿಂದಿನ ದಿನದಿಂದ. ಸಲ್ಫಾ ಔಷಧಿಗೆ ಅಲರ್ಜಿ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮುಜುಮು ಎನ್ನುತ್ತದೆ, ಮೂತ್ರ ಹೆಚ್ಚುತ್ತದೆ, ಸೋಡಾ ಸಪ್ಪೆಯಾಗುತ್ತದೆ, ಇವಕ್ಕೆ ಹೆದರಬೇಕಿಲ್ಲ. ಮಾತ್ರೆ ತೆಗೆದುಕೊಂಡ ಧೈರ್ಯದಲ್ಲಿ ಒಂದು ದಿನ ಕಡಿಮೆ ಮಾಡುತ್ತಾರಲ್ಲ, ಹೆದರಬೇಕಾದ್ದು ಅದಕ್ಕೆ.

ಶುರು ಎಲ್ಲಿಂದ? ಎರಡು ದಾರಿ. ಝಿಂಗ್ಚೆನ್‌ನಿಂದ ರುಂಬಕ್ ಊರಿಗೆ ಹೋಗಿ, 4,900 ಮೀಟರ್ ಮೀರಿದ ಗಂಡಾ ಲಾ ದಾಟಿ ಸ್ಕಿಯು ಊರಿಗೆ ಇಳಿಯುವುದು ಹಳೆಯ ದಾರಿ. ಚೆಂದದ್ದು, ಆದರೆ ಎರಡನೆಯ ಅಥವಾ ಮೂರನೆಯ ದಿನವೇ ಅಷ್ಟು ಎತ್ತರ ಮುಟ್ಟಬೇಕು. ಈ ದಾರಿಗೆ ಲೇಹ್‌ನಲ್ಲಿ ನಾಲ್ಕು ರಾತ್ರಿ ಇರಿ. ಇನ್ನೊಂದು ಚಿಲ್ಲಿಂಗ್‌ನಿಂದ. ಹಿಂದೆ ಇಲ್ಲಿ ಝನ್ಸ್ಕಾರ್ ನದಿಯನ್ನು ತಂತಿಗೆ ತೂಗುಹಾಕಿದ ತೊಟ್ಟಿಲಲ್ಲಿ ಕೂತು ದಾಟಬೇಕಿತ್ತು. ಈಗ ಸೇತುವೆ ಇದೆ, ಜೀಪುರಸ್ತೆ ಸ್ಕಿಯು ದಾಟಿ ಕಣಿವೆಯ ಒಳಗೂ ಹೋಗಿದೆ. ಮೊದಲ ದಿನ ಧೂಳು ಕುಡಿಯುತ್ತಾ ರಸ್ತೆಯಲ್ಲಿ ನಡೆಯುವುದು ಬೇಸರವೇ. ಆದರೂ ನಾನು ನಡೆಯಿರಿ ಎನ್ನುತ್ತೇನೆ. ಸ್ಕಿಯು ಸುಮಾರು 3,400 ಮೀಟರ್, ಲೇಹ್‌ಗಿಂತ ಸ್ವಲ್ಪ ಕೆಳಗೆ. ಅಲ್ಲಿ ಮಲಗಿದ ಒಂದು ರಾತ್ರಿ ಮೇಲೆ, ಕೊನೆಯ ತಂಗುದಾಣ ನಿಮಾಲಿಂಗ್‌ನಲ್ಲಿ ಕೈ ಹಿಡಿಯುತ್ತದೆ. ಜೀಪಿನಲ್ಲಿ ನೇರ ಮಾರ್ಖಾ ಊರಿಗೆ ಇಳಿಸಿ ಇಡೀ ಚಾರಣವನ್ನು ಮೂರು ದಿನಕ್ಕೆ ಮಡಚುವ ಪ್ಯಾಕೇಜುಗಳಿವೆ. ಅವುಗಳಲ್ಲಿ ಕಡಿಮೆಯಾಗುವುದು ದುಡ್ಡು, ಜೊತೆಗೆ ದೇಹಕ್ಕೆ ಸಿಗಬೇಕಾದ ರಾತ್ರಿಗಳು.

ಚಿಲ್ಲಿಂಗ್ ದಾಟಿ ಹೋಗುವ ಮುನ್ನ ಅಲ್ಲಿನ ಕಮ್ಮಾರರ ಮನೆಗಳನ್ನು ನೋಡಿ. ಶೇ ಅರಮನೆಯ ದೊಡ್ಡ ಬುದ್ಧನ ಪ್ರತಿಮೆಗಾಗಿ 17ನೇ ಶತಮಾನದಲ್ಲಿ ನೇಪಾಳದಿಂದ ಬಂದ ಕುಶಲಕರ್ಮಿಗಳ ವಂಶದವರು ಎಂಬುದು ಅವರ ಪರಂಪರೆ. ಲಡಾಖಿ ಅಡುಗೆಮನೆಗಳ ಗೋಡೆ ತುಂಬ ಜೋಡಿಸಿಟ್ಟ ತಾಮ್ರ, ಹಿತ್ತಾಳೆ ಪಾತ್ರೆಗಳು, ಸೌಟುಗಳು ಎಷ್ಟೋ ಇಲ್ಲಿ ಬಡಿದವು.

ನನ್ನ ರಾತ್ರಿಗಳ ಪಟ್ಟಿ ಹೀಗೆ: ಸ್ಕಿಯು 3,400, ಮಾರ್ಖಾ 3,800, ಹಂಕರ್ 4,000, ಮತ್ತೆ ಹಂಕರ್, ನಿಮಾಲಿಂಗ್ 4,700 ದಾಟಿ, ಆಮೇಲೆ ಕೊಂಗ್ಮಾರು ಲಾ ದಾಟಿ ಇಳಿಯುವುದು. ಎಲ್ಲವೂ ಸುಮಾರು ಲೆಕ್ಕ. ಒಂದು ನಕ್ಷೆಯಿಂದ ಇನ್ನೊಂದಕ್ಕೆ ನೂರು ಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. 3,000 ಮೀಟರ್ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು ಎಂಬುದು ಪರ್ವತ ವೈದ್ಯರ ನಿಯಮ. ಈ ಪಟ್ಟಿಯಲ್ಲಿ ಆ ನಿಯಮ ಮುರಿಯುವುದು ಒಂದೇ ಕಡೆ: ಹಂಕರ್‌ನಿಂದ ನಿಮಾಲಿಂಗ್‌ಗೆ, ಒಂದೇ ದಿನ 700 ಮೀಟರ್. ಬಹುತೇಕ ತಂಡಗಳಲ್ಲಿ ಯಾರಾದರೂ ವಾಂತಿ ಮಾಡಿಕೊಳ್ಳುವುದು ಆ ರಾತ್ರಿಯೇ. ಗುಡಾರ ಇದ್ದವರು ನಡುವೆ ಥಾಚುಂಗ್‌ತ್ಸೆಯ ಹುಲ್ಲುಗಾವಲಿನಲ್ಲಿ ತಂಗಬಹುದು, ಊರಿಲ್ಲ. ಹೋಂಸ್ಟೇ ನಂಬಿ ಬಂದವರಿಗೆ ಹಂಕರ್‌ನಲ್ಲಿ ಎರಡು ರಾತ್ರಿಯೇ ಉಪಾಯ. ನಡುವಿನ ದಿನ ಖಾಲಿ ಬೆನ್ನಲ್ಲಿ 4,400ರವರೆಗೆ ಹೋಗಿ, ಒಂದು ಗಂಟೆ ಕೂತು, ಮಧ್ಯಾಹ್ನಕ್ಕೆ ವಾಪಸ್ ಬನ್ನಿ. ಹಂಕರ್‌ನ ನೆತ್ತಿಯ ಮೇಲೆ ಪಾಳುಕೋಟೆಯೊಂದಿದೆ, ಸಂಜೆಗೆ ಅದು ಸಾಕು.

ಇನ್ನೊಂದು ಮಾತು, ಇದನ್ನು ನಕ್ಷೆ ನೋಡಿಯೂ ಜನ ಗಮನಿಸುವುದಿಲ್ಲ. ನಿಮಾಲಿಂಗ್‌ನಲ್ಲಿ ಯಾರಿಗಾದರೂ ಕೆಟ್ಟರೆ ಮುಂದಿನ ದಾರಿ ಮೇಲಕ್ಕೆ ಇದೆ, ಇನ್ನೂ 500 ಮೀಟರ್. "ನಾಳೆ ಹೇಗೂ ರಸ್ತೆ ಸಿಗುತ್ತದೆ" ಎಂದು ಕಾಯಿಲೆಯವರನ್ನು ಲಾ ಹತ್ತಿಸಬಾರದು. ಹಿಂದಕ್ಕೆ, ಹಂಕರ್ ಕಡೆಗೇ ಇಳಿಸಬೇಕು, ರಾತ್ರಿಯಾದರೂ ಸರಿ. ಬರೀ ತಲೆನೋವಿದ್ದರೆ ಅಲ್ಲೇ ವಿಶ್ರಾಂತಿ. ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು ಬಂದರೆ ಮೇಲೆ ಹೋಗುವುದು ರದ್ದು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ, ಇಲ್ಲವೇ ಕೂತಲ್ಲೇ ಏದುಸಿರು, ಕೆಮ್ಮು ಶುರುವಾದರೆ ತಕ್ಷಣ ಇಳಿಸಿ. ಕುದುರೆ ಕೇಳಲು ಸಂಕೋಚ ಬೇಡ.

ಹೊಳೆಯ ವಿಚಾರಕ್ಕೆ ಬರೋಣ. ಈಗ ಬಹಳ ಕಡೆ ಸೇತುವೆಗಳಿವೆ. ಆದರೆ ನೆರೆಗೆ ಸೇತುವೆ ಕೊಚ್ಚಿಹೋದ ವರ್ಷಗಳಲ್ಲಿ ಮಾರ್ಖಾ ಊರಿನ ಹಿಂದೆ ಮುಂದೆ ನೀರಿಗೆ ಇಳಿಯಬೇಕಾಗುತ್ತದೆ. ಅದು ಹಿಮನದಿ ಕರಗಿ ಬಂದ ನೀರು. ಬೆಳಗ್ಗೆ ಮೊಣಕಾಲ ಕೆಳಗಿದ್ದದ್ದು ಮಧ್ಯಾಹ್ನ ಮೂರಕ್ಕೆ ತೊಡೆ ಮುಟ್ಟಬಹುದು, ಬೂದಿ ಕಲಸಿದ ಬಣ್ಣ, ತಳ ಕಾಣದು. ಆದ್ದರಿಂದ ಹೊಳೆ ದಾಟುವ ದಿನ ಆರಕ್ಕೇ ಹೊರಡಬೇಕು. ಕಿರಿದಾದ ಜಾಗ ಹುಡುಕಬೇಡಿ, ಅಲ್ಲೇ ಆಳ ಮತ್ತು ಸೆಳೆತ. ಅಗಲವಾಗಿ ಎರಡು ಮೂರು ಕವಲಾದ ಕಡೆ ದಾಟಿ. ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಎರಡನ್ನೂ ಬಿಚ್ಚಿ. ಬಿದ್ದರೆ ಬ್ಯಾಗು ಕಳಚಬೇಕು. ಬರಿಗಾಲು ಬೇಡ: ಚಳಿಗೆ ಪಾದ ಜೋಮು ಹಿಡಿದು ಕಲ್ಲು ಕೊಯ್ದದ್ದೂ ಗೊತ್ತಾಗುವುದಿಲ್ಲ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಹಾಕಿ, ಬೂಟನ್ನು ಬ್ಯಾಗಿನ ನೆತ್ತಿಗೆ ಕಟ್ಟಿ. ಮುಖ ನೀರು ಬರುವ ಕಡೆಗೆ, ಕೋಲು ಮುಂದೆ ಊರಿ, ಅಡ್ಡಡ್ಡ ಹೆಜ್ಜೆ. ತಳದಲ್ಲಿ ಕಲ್ಲು ಗುಡುಗುಡು ಉರುಳುವ ಸದ್ದು ಕೇಳಿಸಿದರೆ ಇಳಿಯಲೇಬಾರದು, ಬೆಳಗಿನವರೆಗೆ ಕಾಯುವುದೇ.

ಹೋಂಸ್ಟೇ ಹುಟ್ಟಿದ್ದು ಹಿಮಚಿರತೆಯಿಂದ. ಕೊಟ್ಟಿಗೆಗೆ ನುಗ್ಗಿದ ಚಿರತೆ ಒಂದೇ ರಾತ್ರಿಯಲ್ಲಿ ಹತ್ತಾರು ಕುರಿಗಳನ್ನು ಕೊಲ್ಲುವುದುಂಟು. ಮೊದಲೆಲ್ಲ ಜನ ಚಿರತೆಯನ್ನೇ ಕೊಂದು ಲೆಕ್ಕ ಚುಕ್ತಾ ಮಾಡುತ್ತಿದ್ದರು. 2000ರ ದಶಕದ ಆರಂಭದಲ್ಲಿ ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಸಂಸ್ಥೆ ಕೊಟ್ಟಿಗೆಗೆ ತಂತಿಜಾಲರಿಯ ಮಾಡು ಹಾಕಿಸುವುದು, ಮನೆಯಲ್ಲಿ ಚಾರಣಿಗರನ್ನು ಉಳಿಸಿಕೊಳ್ಳುವುದು ಎರಡನ್ನೂ ಜೋಡಿಸಿತು. ಎಷ್ಟೋ ಊರುಗಳಲ್ಲಿ ಅತಿಥಿ ಯಾವ ಮನೆಗೆ ಎಂಬುದು ಸರದಿಯ ಮೇಲೆ. ಚೆಂದದ ಮನೆ ಆರಿಸಲು ಹೋಗದೆ ತೋರಿಸಿದ ಮನೆಗೆ ಹೋಗಿ. ನಗದು ಒಯ್ಯಿರಿ; ಎಟಿಎಂ ಲೇಹ್‌ನಲ್ಲೇ ಮುಗಿಯಿತು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಕಣಿವೆಯೊಳಗೆ ಅದನ್ನೂ ನೆಚ್ಚಬೇಡಿ.

ಅಡುಗೆಮನೆಯೇ ಅಲ್ಲಿ ನಡುಮನೆ. "ಜುಲೇ" ಎನ್ನುತ್ತಾ ಒಳಗೆ ಹೋದರೆ ಗೋಡೆಯ ಪಕ್ಕ ಹಾಸಿದ ಜಮಖಾನೆಯ ಮೇಲೆ ಕೂರಿಸುತ್ತಾರೆ. ಒಲೆ ಅವರಿಗೆ ದೇವರ ಜಾಗ: ಅದರೊಳಗೆ ಕಸ ಎಸೆಯುವುದು, ಅದರ ಕಡೆ ಕಾಲು ಚಾಚುವುದು ಕೂಡದು. ಉಪ್ಪು, ಬೆಣ್ಣೆ ಹಾಕಿದ ಗುರ್‌ಗುರ್ ಚಹಾ ಲೋಟ ಖಾಲಿಯಾದಷ್ಟೂ ತುಂಬುತ್ತದೆ. ಸಾಕೆನಿಸಿದರೆ ತುಂಬಿದ ಲೋಟವನ್ನು ಹಾಗೇ ಇಟ್ಟು ಏಳುವಾಗ ಕುಡಿದುಬಿಡಿ. ರಾತ್ರಿಗೆ ಸ್ಕ್ಯೂ. ಹಿಟ್ಟು ಗಟ್ಟಿಯಾಗಿ ಕಲಸಿ, ಬೆರಳಗಲದ ತುಂಡು ಮುರಿದು, ಹೆಬ್ಬೆರಳಿನಿಂದ ಅಂಗೈಗೆ ಒತ್ತಿ ತಿರುವಿದರೆ ಪುಟ್ಟ ಬಟ್ಟಲಿನ ಆಕಾರ. ಅಂಥ ನೂರಾರನ್ನು ಆಲೂಗಡ್ಡೆ, ಮೂಲಂಗಿ, ಸೊಪ್ಪಿನ ಜೊತೆ ಬೇಯಿಸುತ್ತಾರೆ. ಒತ್ತಲು ಕೂತರೆ ಬೇಡ ಅನ್ನುವುದಿಲ್ಲ. ಆ ಎತ್ತರದಲ್ಲಿ ನೀರು 85ರಿಂದ 88 ಡಿಗ್ರಿಗೇ ಕುದಿಯುವುದರಿಂದ ಬೇಳೆ ತೆರೆದ ಪಾತ್ರೆಯಲ್ಲಿ ಬೇಯದು, ಅದಕ್ಕೇ ಮನೆಮನೆಗೂ ಕುಕ್ಕರ್. ದಾರಿಗೆ ಅವರ ಹುರಿದ ಬಾರ್ಲಿ ಹಿಟ್ಟು ಕೇಳಿ ಪಡೆಯಿರಿ. ನಮ್ಮ ರಾಗಿ ಹುರಿಹಿಟ್ಟು ತಿಂದು ಬೆಳೆದ ನಾಲಿಗೆಗೆ ಹೊಸದೇನಲ್ಲ: ಬಿಸಿನೀರು, ಸಕ್ಕರೆ, ಎರಡು ನಿಮಿಷ. ಮಾತಿಗೆ ತುದಿ ಸಿಗದಿದ್ದರೆ ಮುಂಡಗೋಡ, ಬೈಲಕುಪ್ಪೆ ಎಂದು ನೋಡಿ. ಲಡಾಖಿನ ಎಷ್ಟೋ ಭಿಕ್ಷುಗಳು ಓದಲು ಬರುವುದು ಆ ಮಠಗಳಿಗೇ.

ಶೌಚಾಲಯದ ಬಗ್ಗೆ ಬಿಡಿಸಿಯೇ ಹೇಳಬೇಕು, ನಾವು ತಪ್ಪುವುದು ಅಲ್ಲೇ. ನೆಲದಲ್ಲಿ ಒಂದು ಕಿಂಡಿ, ಕೆಳಗೆ ಕೋಣೆ, ಪಕ್ಕದಲ್ಲಿ ಮಣ್ಣಿನ ರಾಶಿ ಮತ್ತು ಸಲಿಕೆ. ಆದಮೇಲೆ ಎರಡು ಸಲಿಕೆ ಮಣ್ಣು ಎಳೆದರೆ ಮುಗಿಯಿತು. ಮುಂದೆ ಅದೇ ಹೊಲಕ್ಕೆ ಗೊಬ್ಬರ. ಅಲ್ಲಿ ಬಕೆಟ್ ನೀರು ಸುರಿದರೆ ಗೊಬ್ಬರ ಕೊಳೆತು ನಾರುತ್ತದೆ. ಕಾಗದ ಬಳಸಿ, ಒದ್ದೆ ಟಿಶ್ಯೂ, ಪ್ಯಾಡುಗಳನ್ನು ಕಟ್ಟಿಕೊಂಡು ಲೇಹ್‌ಗೆ ವಾಪಸ್ ತನ್ನಿ.

ದಾರಿಯುದ್ದಕ್ಕೂ ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆಗಳು, ಸ್ತೂಪಗಳಾದ ಚೋರ್ಟೆನ್‌ಗಳು. ಪ್ರದಕ್ಷಿಣೆಯ ಲೆಕ್ಕವೇ: ಅವು ನಮ್ಮ ಬಲಗೈಗೆ ಇರಬೇಕು. ಮಾರ್ಖಾದಿಂದ ಉಮ್‌ಲುಂಗ್‌ಗೆ ಹೋಗುವಾಗ ಬಂಡೆಯ ತುದಿಯಲ್ಲಿ ಗುಬ್ಬಿಗೂಡಿನಂತೆ ಕೂತ ಟೆಚಾ ಗೊಂಪ, ಅಂದರೆ ಬೌದ್ಧ ಮಠ, ಸಿಗುತ್ತದೆ. ಅರ್ಧ ಗಂಟೆಯ ಏರು, ಹತ್ತಿ.

ಸಾಮಾನು 8 ಕಿಲೋ ದಾಟದಿರಲಿ. ಮನೆಗಳಲ್ಲಿ, ನಿಮಾಲಿಂಗ್‌ನ ಗುಡಾರಗಳಲ್ಲಿ ಹಾಸಿಗೆ ಹೊದಿಕೆ ಕೊಡುತ್ತಾರೆ. ನಿಮ್ಮದೊಂದು ಹಗುರ ಸ್ಲೀಪಿಂಗ್ ಬ್ಯಾಗ್ ಒಳಗಿದ್ದರೆ ಸಾಕು. ಆಗಸ್ಟ್‌ನಲ್ಲೂ ನಿಮಾಲಿಂಗ್‌ನ ರಾತ್ರಿ ಸೊನ್ನೆಗಿಂತ ಕೆಳಕ್ಕೆ ಇಳಿಯುತ್ತದೆ. ಪವರ್‌ಬ್ಯಾಂಕ್ ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿ, ಚಳಿಗೆ ಬ್ಯಾಟರಿ ಸೋರುತ್ತದೆ. ಕಾಲಕ್ಕೆ ಬಂದರೆ, ನನ್ನ ಓಟು ಸೆಪ್ಟೆಂಬರ್ ಮೊದಲ ಎರಡು ವಾರಕ್ಕೆ: ಹೊಳೆ ಇಳಿದಿರುತ್ತದೆ, ಬಾರ್ಲಿ ಕೊಯ್ಲು ನಡೆದಿರುತ್ತದೆ.

ನಿಮಾಲಿಂಗ್ ಊರಲ್ಲ, ಬೇಸಿಗೆಯ ಹುಲ್ಲುಗಾವಲು. ಅದಕ್ಕೆ ಮೊದಲು ಸಿಗುವ ಪುಟ್ಟ ಕೊಳದಲ್ಲಿ, ಗಾಳಿ ಏಳುವ ಮುನ್ನ ಹೋದರೆ, 6,400 ಮೀಟರಿನ ಕಾಂಗ್ ಯಾತ್ಸೆ ಶಿಖರ ತಲೆಕೆಳಗಾಗಿ ನಿಂತಿರುತ್ತದೆ. ಸಂಜೆ ಕುರಿ, ಆಡು, ಯಾಕ್-ಹಸುವಿನ ಮಿಶ್ರತಳಿಯ ಝೋಗಳು ಕಲ್ಲಿನ ದೊಡ್ಡಿಗೆ ಇಳಿಯುತ್ತವೆ. ಕುಡಿಯುವ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿಯೇ; ಮೇಲೆಲ್ಲ ದನ ಮೇಯುತ್ತವೆ.

ಕೊನೆಯ ದಿನ ಐದೂವರೆಗೆ ಹೊರಡಿ. ಮೊದಲಿಗೆ ಸಿಗುವ ತೊರೆಯ ಕಲ್ಲುಗಳ ಮೇಲೆ ಗಾಜಿನಂಥ ಮಂಜುಗಡ್ಡೆ ಇರುತ್ತದೆ, ಅಲ್ಲೇ ಜಾರುವವರು ಹೆಚ್ಚು. ಕೊಂಗ್ಮಾರು ಲಾ 5,200 ಮೀಟರ್ ಮೀರಿದ್ದು. ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಒಂದು ಹೆಜ್ಜೆಗೆ ಒಂದು ಉಸಿರು, ಏದುಸಿರು ಬರುವ ಮೊದಲೇ ನಿಲ್ಲುವುದು, ಕೂರದಿರುವುದು. ಎರಡೂವರೆ ಗಂಟೆ ಹಿಡಿಯಿತೆಂದರೆ ಸರಿಯಾಗಿ ಹತ್ತಿದಿರಿ. ಬಾವುಟಗಳ ಹತ್ತಿರ ಕುದುರೆಯವರು "ಕಿ ಕಿ ಸೋ ಸೋ ಲ್ಹಾ ಗ್ಯಾಲೊ" ಎಂದು ಕೂಗುತ್ತಾರೆ, ದೇವರಿಗೆ ಜಯವಾಗಲಿ ಎಂದು. ಕಾಲು ಗಂಟೆ ಸಾಕು, ಇಳಿಯಿರಿ.

ಇಳಿಜಾರು ಚೊಕ್‌ದೊ ಕಡೆಗೆ ಸಾವಿರ ಮೀಟರಿಗೂ ಹೆಚ್ಚು, ಮಂಡಿ ಮಾತಾಡುತ್ತದೆ. ಕೆಳಗಿನ ಕಮರಿಯಲ್ಲಿ ದಾರಿ ತೊರೆಯನ್ನು ಮತ್ತೆ ಮತ್ತೆ ದಾಟುತ್ತದೆ. ಗೋಡೆಯೆಲ್ಲ ಪುಡಿಕಲ್ಲು, ಮಳೆ ಬಂದರೆ ಹತ್ತಲು ಪಕ್ಕದಲ್ಲಿ ಜಾಗವಿಲ್ಲ. 2010ರ ಆಗಸ್ಟ್ 5-6ರ ರಾತ್ರಿ ಲೇಹ್ ಸುತ್ತ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಗಿಡವಿಲ್ಲದ ಬೆಟ್ಟ ನೀರು ಹಿಡಿದುಕೊಳ್ಳುವುದಿಲ್ಲ, ಮಣ್ಣುಸಮೇತ ಇಳಿಸಿಬಿಡುತ್ತದೆ. ನಿಮಾಲಿಂಗ್‌ನಲ್ಲಿ ರಾತ್ರಿಯಿಡೀ ಮಳೆ ಹೊಡೆದಿದ್ದರೆ ಆ ದಿನ ಹೊರಡಬೇಡಿ.

ಇದಕ್ಕಾಗಿಯೇ ಒಂದು ದಿನ ಕೈಯಲ್ಲಿರಬೇಕು. ಇಳಿದಮೇಲೆ ರಸ್ತೆ ಸಿಗುವ ಶಾಂಗ್ ಸುಮ್ದೊಗೆ ಬರುವ ಗಾಡಿಯನ್ನು ಲೇಹ್‌ನಲ್ಲೇ ಮಾತಾಡಿಟ್ಟು, "ಬಾರದಿದ್ದರೆ ಮಾರನೆಯ ದಿನವೂ ಬನ್ನಿ" ಎಂದು ಮೊದಲೇ ಹೇಳಿರಿ. ಲೇಹ್‌ನಿಂದ ವಿಮಾನಗಳು ಹೆಚ್ಚಾಗಿ ಬೆಳಗಿನವು, ಮೋಡ ಕಟ್ಟಿದರೆ ರದ್ದು. ಬೆಂಗಳೂರಿನ ಟಿಕೆಟ್ಟನ್ನು ಚಾರಣ ಮುಗಿದ ಮರುದಿನಕ್ಕೆ ತೆಗೆಸಬೇಡಿ, ಅದರ ಮರುದಿನಕ್ಕೆ ತೆಗೆಸಿ.