ಗಾಂಜಾ ಕೇಸಿನ ಅಂಕಿ ಓದುವುದು ಹೇಗೆ: ಒಬ್ಬ ತಾಲ್ಲೂಕು ಸುದ್ದಿಗಾರನ ನೋಟ್‌ಬುಕ್

‘ನಮ್ಮ ಕಡೆ ಗಾಂಜಾ ಜಾಸ್ತಿಯಾಯ್ತಂತೆ, ಹೌದಾ?’ ಹೊಸನಗರದ ಚಹಾ ಅಂಗಡಿಯಲ್ಲಿ ತಿಂಗಳಿಗೊಮ್ಮೆಯಾದರೂ ಯಾರೋ ಕೇಳುತ್ತಾರೆ. ಇಪ್ಪತ್ತು ವರ್ಷ ಪತ್ರಿಕೆಗೆ ತಾಲ್ಲೂಕು ಸುದ್ದಿ ಕಳಿಸಿದವನು ನಾನು, ಕೇಳುವುದು ಸಹಜ. ಗೊತ್ತಿಲ್ಲ ಅನ್ನುತ್ತೇನೆ. ಎಷ್ಟು ಕೇಸಾಯಿತು ಅಂತ ಬೇಕಾದರೆ ಹೇಳಬಲ್ಲೆ.

ಈ ಬುದ್ಧಿ ಬಂದದ್ದು ಒಂದು ಸಲ ಮುಖಭಂಗವಾದ ಮೇಲೆ. ನಮ್ಮ ಕಡೆಯ ಒಂದು ಠಾಣೆಯಲ್ಲಿ ವರ್ಷಕ್ಕೆ ಮೂರಿದ್ದ ಕೇಸು ಹನ್ನೊಂದಾಯಿತು. ‘ಮಲೆನಾಡಿಗೆ ಗಾಂಜಾ ಘಾಟು’ ಅಂತ ದಪ್ಪಕ್ಷರದಲ್ಲಿ ಬರೆದೆ. ಮರುದಿನ ಅಲ್ಲಿನ ಹಳೇ ದಫೇದಾರರು ಸಿಕ್ಕಿ ನಕ್ಕರು. ‘ಹೋದ ವರ್ಷದ ಸಾಹೇಬ್ರು ಓಸಿ ಜೂಜಿನ ಹಿಂದೆ ಬಿದ್ದಿದ್ರು ಮಾರಾಯ್ರೆ. ಈಗಿನವ್ರು ಗಾಂಜಾ ಹಿಂದೆ. ಸೇದೋ ಹುಡುಗ್ರು ಮೊದ್ಲಿದ್ದವ್ರೇ!’ ಅವತ್ತೇ ಒಂದು ಉದ್ದ ನೋಟ್‌ಬುಕ್ ತಂದು ಗೆರೆ ಹಾಕಿದೆ. ನೀವೂ ಒಂದು ಇಟ್ಟುಕೊಳ್ಳಿ.

ಮೊದಲ ಕಾಲಂ ಸೆಕ್ಷನ್. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 27 ಅಂದರೆ ಸೇದಿದ್ದು. 20 ಅಂದರೆ ಬೆಳೆದದ್ದು, ಇಟ್ಟುಕೊಂಡದ್ದು, ಸಾಗಿಸಿದ್ದು, ಮಾರಿದ್ದು. ಸೇದಿದ ಕೇಸಿಗೆ ಕೈಯಲ್ಲಿ ಮಾಲು ಸಿಗಲೇಬೇಕೆಂದಿಲ್ಲ. ಅನುಮಾನ ಬಂದವರನ್ನು ಆಸ್ಪತ್ರೆಗೆ ಕರೆದೊಯ್ದು ತಪಾಸಣೆ ಮಾಡಿಸುತ್ತಾರೆ, ಪಾಸಿಟಿವ್ ಬಂದರೆ ಕೇಸು. ಒಂದು ಸಂಜೆ ಖಾಲಿ ಸೈಟುಗಳನ್ನು ಸುತ್ತಿದರೆ ಹತ್ತು ಕೇಸು ಆಗಬಹುದು. ಗಾಂಜಾ ಸೇದಿದ್ದಕ್ಕೆ ಹೆಚ್ಚೆಂದರೆ 6 ತಿಂಗಳು ಜೈಲು, ಅಥವಾ 10 ಸಾವಿರ ದಂಡ, ಅಥವಾ ಎರಡೂ. ಇಂಥ ಹತ್ತು ಕೇಸನ್ನೂ ಒಂದು ಲಾರಿ ಮಾಲಿನ ಕೇಸನ್ನೂ ಒಟ್ಟು ಕೂಡಿಸಿದರೆ ಸಿಗುವ ಮೊತ್ತಕ್ಕೆ ಅರ್ಥವೇ ಇಲ್ಲ.

ಎರಡನೆಯದು ತೂಕ. ಇಲ್ಲಿ ನಿಧಾನ ಮಾಡಿ. 1 ಕೆಜಿವರೆಗೆ ಅಲ್ಪ ಪ್ರಮಾಣ, ಶಿಕ್ಷೆ 1 ವರ್ಷದವರೆಗೆ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, 10ರಿಂದ 20 ವರ್ಷ, ಜಾಮೀನೂ ಕಷ್ಟ. ನಡುವಿನದಕ್ಕೆ 10 ವರ್ಷದವರೆಗೆ. 950 ಗ್ರಾಂಗೂ 1 ಕೆಜಿ 50 ಗ್ರಾಂಗೂ ಪತ್ರಿಕೆಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ಸಿಕ್ಕಿಬಿದ್ದವನಿಗೆ ಮಾತ್ರ ಬದುಕೇ ಬೇರೆ.

ತೂಕದ ಪಕ್ಕ ‘ಹಸಿ’ ಅಥವಾ ‘ಒಣ’ ಅಂತ ಬರೆಯಲೇಬೇಕು. ಅಡಿಕೆ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಬರುವುದು ಹನ್ನೆರಡೋ ಹದಿಮೂರೋ ಕೆಜಿ. ಗಾಂಜಾವೂ ಒಣಗಿದರೆ ಹಗುರ. ಜೋಳದ ಹೊಲದಿಂದ ಕಿತ್ತ ಗಿಡವನ್ನು ಕಾಂಡ, ಬೇರು, ಮಣ್ಣು ಸಮೇತ ತೂಗಿದರೆ ‘15 ಕೆಜಿ ಗಾಂಜಾ ವಶ’ ಅಂತ ಸುದ್ದಿಯಾಗುತ್ತದೆ. ಕಾನೂನಿನ ಲೆಕ್ಕದಲ್ಲಿ ಗಾಂಜಾ ಅಂದರೆ ಹೂವು, ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ನಾವು ಸುದ್ದಿಗಾರರು ಮಾತ್ರ ವರ್ಷಗಟ್ಟಲೆ ‘ಗಾಂಜಾ ಸೊಪ್ಪು’ ಅಂತಲೇ ಬರೆದುಕೊಂಡು ಬಂದಿದ್ದೇವೆ! ವಕೀಲರು ಕೋರ್ಟಿನಲ್ಲಿ ಹಿಡಿದು ಜಗ್ಗುವುದು ಇದೇ ಎಳೆಯನ್ನು.

ಪ್ರಕಟಣೆಯಲ್ಲಿ ಬರುವ ‘ಅಂದಾಜು ಬೆಲೆ’ಗೆ ಕಾಲಂ ಬೇಡ, ಅದು ಬರೀ ಅಂದಾಜು.

ಮೂರನೆಯದು ಜಾಗ. ಠಾಣೆಯ ಹೆಸರು ಬರೆದರೆ ಸಾಲದು, ಸಿಕ್ಕ ಊರು ಬರೆಯಿರಿ. ಮಾದಕ ವಸ್ತುವಿನ ಕೇಸು ನೋಡುವ ಸಿಇಎನ್ ಠಾಣೆ ಶಿವಮೊಗ್ಗದಲ್ಲಿದೆ. ಸೊರಬದ ಕಡೆ ಸಿಕ್ಕ ಮಾಲು ಅಲ್ಲಿ ದಾಖಲಾದರೆ ಪಟ್ಟಿಯಲ್ಲಿ ಪೇಟೆಯ ಕೇಸಿನಂತೆ ಕಾಣುತ್ತದೆ. ಅಬಕಾರಿಯವರೂ ಕೇಸು ಹಾಕುತ್ತಾರೆ, ಅದನ್ನೂ ಕೇಳಿ ತಿಳಿದುಕೊಳ್ಳಿ. ಜಿಲ್ಲೆ ಜಿಲ್ಲೆ ಹೋಲಿಸುವಾಗ ಲಕ್ಷ ಜನಕ್ಕೆ ಎಷ್ಟು ಅಂತ ಭಾಗಿಸಿ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆ ಹದಿನೇಳೂವರೆ ಲಕ್ಷ, ಬೆಂಗಳೂರು ನಗರ ಜಿಲ್ಲೆ 96 ಲಕ್ಷ. ಬರೀ ಕೇಸು ಎಣಿಸಿದರೆ ಬೆಂಗಳೂರೇ ಯಾವಾಗಲೂ ‘ಮೊದಲು’.

ಭಾಗಿಸಿದ ಮೇಲೂ ನಂಬಿಬಿಡಬೇಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಪಟ್ಟಿಯಲ್ಲಿ ಎನ್‌ಡಿಪಿಎಸ್ ಕೇಸಿಗೆ ಕೇರಳವೇ ಮುಂದೆ, 26 ಸಾವಿರದ ಮೇಲೆ. ಇದರಲ್ಲಿ ಗಾಂಜಾ ಅಷ್ಟೇ ಅಲ್ಲ, ಎಲ್ಲಾ ಮಾದಕ ವಸ್ತುವೂ ಸೇರಿದೆ. ಕೇರಳದ ಆರು ಪಟ್ಟು ಜನರಿರುವ ಉತ್ತರ ಪ್ರದೇಶ ಎಷ್ಟೋ ಕೆಳಗೆ. ಆದರೆ 2019ರಲ್ಲಿ ಹೊರಬಂದ, ಏಮ್ಸ್ ಮಾಡಿಕೊಟ್ಟ ದೇಶದ ಸಮೀಕ್ಷೆ ನೋಡಿದರೆ, ಭಂಗಿ, ಗಾಂಜಾ ಬಳಕೆ ಸರಾಸರಿಗಿಂತ ಜಾಸ್ತಿ ಇರುವ ರಾಜ್ಯಗಳಲ್ಲಿ ಉತ್ತರ ಪ್ರದೇಶವೂ ಒಂದು. ಭಂಗಿ ಸೊಪ್ಪಿಗೆ ಈ ಕಾಯ್ದೆ ತಾಗುವುದಿಲ್ಲ ಅನ್ನುವುದು ಒಂದು ಕಾರಣ ಇರಬಹುದು. ಕೇರಳದವರು ಬಿಡದೆ ಹಿಡಿಯುತ್ತಾರೆ ಅನ್ನುವುದು ಇನ್ನೊಂದು. ಅಮೆರಿಕದಲ್ಲೂ ಹೀಗೇ. ಬಿಳಿಯರು, ಕಪ್ಪುಜನ ಸೇದುವುದು ಹೆಚ್ಚುಕಡಿಮೆ ಒಂದೇ ಸಮ, ಆದರೆ ಇಟ್ಟುಕೊಂಡದ್ದಕ್ಕೆ ಬಂಧನವಾಗುವುದು ಕಪ್ಪುಜನರಲ್ಲಿ 3.6 ಪಟ್ಟು ಜಾಸ್ತಿ ಅಂತ ಅಲ್ಲಿನ ಎಸಿಎಲ್‌ಯು ಅನ್ನುವ ನಾಗರಿಕ ಹಕ್ಕುಗಳ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿತ್ತು.

ತಿಂಗಳನ್ನೂ ಬರೆಯಿರಿ. ಜೂನ್ 26 ಮಾದಕ ವಸ್ತು ವಿರೋಧಿ ದಿನ, ಅದರ ಆಸುಪಾಸಿನಲ್ಲಿ ದಾಳಿಯ ಸುದ್ದಿ ಒಟ್ಟೊಟ್ಟಿಗೆ ಬರುತ್ತವೆ. ಹಸಿ ಗಿಡದ ಕೇಸು ನನ್ನ ನೋಟ್‌ಬುಕ್ಕಿನಲ್ಲಿ ಮಳೆ ಬಿಟ್ಟ ಮೇಲೆಯೇ ಜಾಸ್ತಿ. ಗಿಡ ಹೂ ಬಿಡುವ ಕಾಲ, ಜೋಳ ಕೊಯ್ದಾಗ ನಡುವೆ ಬಚ್ಚಿಟ್ಟದ್ದು ಬಯಲಾಗುವ ಕಾಲ. ಹಾಗಾಗಿ ಜೂನನ್ನು ಜೂನಿಗೇ ಹೋಲಿಸಿ, ನವೆಂಬರನ್ನು ನವೆಂಬರಿಗೆ. ಕೇಸು ಎಷ್ಟು, ಜನ ಎಷ್ಟು ಅಂತ ಬೇರೆ ಬೇರೆ ಬರೆಯುವುದು ಮರೆಯಬೇಡಿ. ಒಂದು ಕಾರಿನಲ್ಲಿ ನಾಲ್ವರು ಸಿಕ್ಕರೂ ಕೇಸು ಒಂದೇ.

ಹೆಸರಿಗೆ ಮಾತ್ರ ಕಾಲಂ ಇಡಬೇಡಿ. ನಾನು ಮೊದಲು ಇಟ್ಟಿದ್ದೆ. ಒಬ್ಬ ಹುಡುಗನ ತಾಯಿ ಮನೆಗೇ ಬಂದು, ‘ಖುಲಾಸೆ ಆಗಿದ್ದು ಯಾಕೆ ಬರೀಲಿಲ್ಲ ಅಣ್ಣಾ?’ ಅಂತ ಕೇಳಿದರು. ಆ ತೀರ್ಪು ಬಂದದ್ದೇ ನನಗೆ ಗೊತ್ತಿರಲಿಲ್ಲ. ಈಗ ಆ ಕಾಲಂ ಹೊಡೆದುಹಾಕಿ ಎಫ್‌ಐಆರ್ ನಂಬರು ಬರೆಯುತ್ತೇನೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಠಾಣೆ, ನಂಬರು, ವರ್ಷ ಹಾಕಿದರೆ ಕೇಸು ಎಲ್ಲಿಗೆ ಬಂತು ಅಂತ ಹುಡುಕಬಹುದು. ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ ಕೂತು ನೋಡುತ್ತೇನೆ. ತೀರ್ಪಿನ ಕಾಲಂ ಇನ್ನೂ ಅರ್ಧಕ್ಕರ್ಧ ಖಾಲಿ ಇದೆ.