ನವೆಂಬರ್ 15ಕ್ಕೆ ಮುಂಚೆ: ಜಿಂಕೆಯ ಜಾಡಿಗೆ ಕ್ಯಾಮೆರಾ ಕಟ್ಟುವುದು

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಶಿಕಾರಿ ಶುರುವಾಗುವುದು ನವೆಂಬರ್ 15ಕ್ಕೆ. ಭಾನುವಾರವಿರಲಿ, ಬುಧವಾರವಿರಲಿ, ತಾರೀಖು ಬದಲಾಗುವುದಿಲ್ಲ. ಬಿಲ್ಲಿನವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ನಾನು ಎರಡಕ್ಕೂ ಹೋಗುತ್ತೇನೆ. ಆದರೆ ಕೆಲಸದ ಮುಕ್ಕಾಲು ಪಾಲು ಮುಗಿಯುವುದು ಅದಕ್ಕೂ ಮೊದಲೇ, ಮರಕ್ಕೆ ಬಿಗಿದ, ಪ್ರಾಣಿ ಎದುರಿಗೆ ಬಂದರೆ ತಾವೇ ಫೋಟೋ ತೆಗೆಯುವ ಟ್ರೇಲ್ ಕ್ಯಾಮೆರಾಗಳ ಜೊತೆಗೆ.

ಊರಿನ ಓದುಗರಿಗೆ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಗೆ ಈಡು ಹೊಡೆಯುವುದು ಅಪರಾಧ. ಅದು ಹಾಗೇ ಇರಬೇಕು ಅನ್ನುವವನು ನಾನು. ಇಲ್ಲಿನ ಲೆಕ್ಕ ಬೇರೆ. ರಾಜ್ಯದ ದಕ್ಷಿಣ ಭಾಗದಲ್ಲಿ ಬೆಳೆದ ಜಿಂಕೆಯನ್ನು ಹಿಡಿಯುವ ತೋಳ, ಪೂಮಾಗಳ ಕಾಲ ಹೋಗಿ ನೂರು ವರ್ಷ ದಾಟಿದೆ. ಹೊಲಗಳಲ್ಲಿ ಮೆಕ್ಕೆಜೋಳ, ಸೋಯಾ ಯಥೇಚ್ಛ. ಇಡೀ ಮಿಶಿಗನ್‌ನಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು ಸಲ ಜಿಂಕೆ ಮತ್ತು ವಾಹನ ಡಿಕ್ಕಿಯಾಗುತ್ತವೆ. ಶಿಕಾರಿ ಇಲ್ಲಿ ಕಾನೂನಿನೊಳಗೆ ನಡೆಯುತ್ತದೆ. ಲೈಸೆನ್ಸಿನ ದುಡ್ಡು ಕಾಡಿನ ಪ್ರಾಣಿಗಳ ನಿರ್ವಹಣೆಗೇ ಹೋಗುತ್ತದೆ, ಮಾಂಸ ನಮ್ಮ ಅಡುಗೆಮನೆಗೆ ಬರುತ್ತದೆ.

ನಾನು ಹೋಗುವುದು ಲ್ಯಾನ್ಸಿಂಗ್ ಸುತ್ತಿನ ಒಬ್ಬ ರೈತರ ಜಮೀನಿಗೆ, ಅವರ ಅನುಮತಿ ಪಡೆದು. ಪೂರ್ವಕ್ಕೆ ಸೋಯಾ ಹೊಲ, ನಡುವೆ ಓಕ್ ತೋಪು, ಪಶ್ಚಿಮಕ್ಕೆ ಆಳೆತ್ತರ ಜೊಂಡು ಬೆಳೆದ ಜೌಗು. ಹಗಲೆಲ್ಲ ಜಿಂಕೆಗಳು ಜೊಂಡಿನಲ್ಲಿ ಮಲಗಿ ಮೆಲುಕು ಹಾಕುತ್ತವೆ. ಸಂಜೆ ತೋಪು ದಾಟಿ ಹೊಲಕ್ಕೆ ಇಳಿಯುತ್ತವೆ, ಬೆಳಗಿನ ಜಾವ ಅದೇ ದಾರಿಯಲ್ಲಿ ಹಿಂದಿರುಗುತ್ತವೆ. ಹಿಕ್ಕೆ, ಗೊರಸಿನ ಗುರುತು, ಬೇಲಿಯ ಕಂಡಿಯಲ್ಲಿ ಸಿಕ್ಕ ಕೂದಲು, ಇಷ್ಟನ್ನು ನೋಡಿದರೆ ದಾರಿ ಯಾವುದೆಂದು ತಿಳಿಯುತ್ತದೆ. ಯಾವ ಹೊತ್ತಿಗೆ, ಯಾವ ಗಾಳಿಗೆ, ಯಾವ ಜಿಂಕೆ ಅನ್ನುವುದು ಮಾತ್ರ ಕಣ್ಣಿಗೆ ಸಿಗುವುದಿಲ್ಲ. ಕ್ಯಾಮೆರಾ ಬೇಕಾಗುವುದು ಅದಕ್ಕೆ.

ಜುಲೈನಲ್ಲಿ ಹೊಲದ ಅಂಚಿಗೆ ಕಟ್ಟುತ್ತೇನೆ. ಆಗ ಗಂಡುಗಳು ಜಗಳವಿಲ್ಲದೆ ಗುಂಪಾಗಿ ಓಡಾಡುತ್ತವೆ, ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ಚರ್ಮ ಇರುತ್ತದೆ. ಈ ಫೋಟೋಗಳಿಂದ ನಾನು ಮಾಡುವುದು ಗುರುತು ಹಿಡಿಯುವ ಕೆಲಸ ಮಾತ್ರ: ಹರಿದ ಕಿವಿ, ಗಂಟಲ ಬಿಳಿ ಪಟ್ಟಿ, ಹುಬ್ಬಿನ ಮೇಲಿನ ಕವಲು. ವಯಸ್ಸಿಗೆ ಕೊಂಬು ನಂಬಬಾರದು, ಮೈ ನೋಡಬೇಕು. ಒಂದೂವರೆ ವರ್ಷದ್ದರ ಹೊಟ್ಟೆ ಒಳಗೆ ಎಳೆದಂತಿದ್ದು ಕಾಲು ಮೈಗಿಂತ ಉದ್ದ ಕಾಣುತ್ತದೆ. ಮೂರೂವರೆ ದಾಟಿದ್ದರ ಎದೆ ಹಿಂಭಾಗಕ್ಕಿಂತ ಆಳವಾಗಿರುತ್ತದೆ. ಎಳೆಯ ಗಂಡನ್ನು ನಾನು ಹೊಡೆಯುವುದಿಲ್ಲ. ಆ ತೀರ್ಮಾನ ಮರದ ಮೇಲೆ ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ಆಗಬಾರದು, ಜುಲೈನಲ್ಲೇ ಆಗಿರಬೇಕು.

ಬೇಸಿಗೆಯ ಫೋಟೋ ನೋಡಿ ಅಕ್ಟೋಬರಿಗೆ ಜಾಗ ನಿಶ್ಚಯ ಮಾಡುವವರು ತುಂಬ ಜನ. ಇದು ಸಲ್ಲದು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಕೊಂಬಿನ ಚರ್ಮ ಉದುರುತ್ತದೆ, ಗುಂಪು ಒಡೆಯುತ್ತದೆ. ಅದೇ ಹೊತ್ತಿಗೆ ಸೋಯಾ ಎಲೆ ಹಳದಿಯಾಗಿ ರುಚಿ ಕಳೆದುಕೊಳ್ಳುತ್ತದೆ, ತೋಪಿನಲ್ಲಿ ಬಿಳಿ ಓಕಿನ ಕಾಯಿ ಉದುರತೊಡಗುತ್ತದೆ. ಕೆಂಪು ಓಕಿನ ಕಾಯಿಗಿಂತ ಇದರಲ್ಲಿ ಒಗರು ಕಡಿಮೆ, ಜಿಂಕೆ ಮೊದಲು ಹುಡುಕುವುದು ಇದನ್ನೇ. ದಿನಾ ಸಂಜೆ ಹೊಲದಲ್ಲಿ ಕಾಣುತ್ತಿದ್ದ ಗಂಡು ಒಮ್ಮೆಗೇ ಕಾಣೆಯಾದರೆ ಎಷ್ಟೋ ಸಲ ಅದು ದೂರ ಹೋಗಿರುವುದಿಲ್ಲ, ಅದರ ಊಟದ ಜಾಗ ಬದಲಾಗಿರುತ್ತದೆ. ಕಾಯಿ ಬೀಳುವ ಮರ ಯಾವುದೆಂದು ತಲೆಯೆತ್ತಿ ನೋಡಿಕೊಂಡು, ನಾನೂ ಕ್ಯಾಮೆರಾಗಳನ್ನು ಅಲ್ಲಿಗೆ ಸಾಗಿಸುತ್ತೇನೆ.

ಇನ್ನು ಕಟ್ಟುವ ಬಗೆ. ಸೊಂಟದೆತ್ತರಕ್ಕೆ, ದಾರಿಯಿಂದ ನಾಲ್ಕೈದು ಮೀಟರ್ ದೂರದಲ್ಲಿ. ಮುಖ ಉತ್ತರಕ್ಕೆ, ಇಲ್ಲದಿದ್ದರೆ ಉದಯ ಮತ್ತು ಅಸ್ತದ ಬಿಸಿಲು ನೇರ ಲೆನ್ಸಿಗೆ ಬಡಿದು ಬೇಕಾದ ಹೊತ್ತಿನ ಫೋಟೋಗಳೇ ಬೆಳ್ಳಗಾಗುತ್ತವೆ. ದಾರಿಗೆ ಅಡ್ಡವಾಗಿ ಕಟ್ಟಿದರೆ ನಡೆದುಹೋಗುವ ಜಿಂಕೆಯ ಬಾಲ ಮಾತ್ರ ಸಿಗುತ್ತದೆ. ದಾರಿಯುದ್ದಕ್ಕೆ ಓರೆಯಾಗಿ ತಿರುಗಿಸಿದರೆ ಸೆನ್ಸರಿಗೆ ಸಮಯ ಸಿಗುತ್ತದೆ. ಎದುರಿನ ಹುಲ್ಲು, ಕಿರುಕೊಂಬೆ ಸವರಲೇಬೇಕು. ಸೆನ್ಸರ್ ಗುರುತಿಸುವುದು ಶಾಖದ ಚಲನೆಯನ್ನು, ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದರೂ ಸಾಕು, ಕಾರ್ಡ್ ತುಂಬಿಹೋಗುತ್ತದೆ. ರಾತ್ರಿ ಬೆಳಕಿಗೆ 850 ನ್ಯಾನೋಮೀಟರಿನ ಅತಿಗೆಂಪು ಫ್ಲಾಶ್ ದೂರ ತಲುಪುತ್ತದೆ, ಆದರೆ ಮಸುಕಾಗಿ ಕೆಂಪಗೆ ಮಿನುಗುತ್ತದೆ. 940ರದ್ದು ಕಣ್ಣಿಗೆ ಬೀಳುವುದಿಲ್ಲ, ದೂರವೂ ಹೋಗುವುದಿಲ್ಲ. ಇಕ್ಕಟ್ಟಾದ ದಾರಿಗೆ ನಾನು ಎರಡನೆಯದನ್ನೇ ಕಟ್ಟುವುದು. ಚಳಿಗೆ ಲಿಥಿಯಂ ಬ್ಯಾಟರಿ ಬಾಳುತ್ತದೆ, ಆಲ್ಕಲೈನ್ ಸೋಲುತ್ತದೆ.

ಕಾರ್ಡ್ ಬದಲಿಸಲು ನಡುಮಧ್ಯಾಹ್ನ ಹೋಗುತ್ತೇನೆ, ಮಳೆ ಬರುವ ಸೂಚನೆಯಿದ್ದರೆ ಇನ್ನೂ ಒಳ್ಳೆಯದು, ವಾಸನೆ ತೊಳೆದುಹೋಗುತ್ತದೆ. ರಬ್ಬರ್ ಬೂಟು, ಕೈಗವಸು, ಗಾಳಿ ನನ್ನಿಂದ ಹೊಲದ ಕಡೆ ಬೀಸುವ ದಿನ. ಜೊಂಡಿನ ಕಡೆಗೆ ನನ್ನ ವಾಸನೆ ಹೋದರೆ ಕ್ಯಾಮೆರಾ ಕಟ್ಟಿದ್ದೇ ದಂಡ. ಕಾಡಿಗೆ ಕಡಿಮೆ ಹೋಗುವುದಕ್ಕೆಂದು ಕ್ಯಾಮೆರಾ ಕಟ್ಟಿ, ಕಾರ್ಡ್ ನೋಡುವ ಆಸೆಗೆ ದಿನಾ ಹೋಗುವುದರಲ್ಲಿ ಅರ್ಥವಿಲ್ಲ.

ಫೋಟೋ ಓದುವುದೇ ಇದರಲ್ಲಿ ನನಗೆ ಅತ್ಯಂತ ಇಷ್ಟದ ಕೆಲಸ. ರಾತ್ರಿ ಎರಡಕ್ಕೆ ಬಂದ ದೊಡ್ಡ ಕೊಂಬಿಗೆ ನಾನು ಬೆಲೆ ಕೊಡುವುದಿಲ್ಲ. ಕಾನೂನಿನ ಪ್ರಕಾರ ಸೂರ್ಯಾಸ್ತವಾಗಿ ಅರ್ಧ ಗಂಟೆಗೆ ಶಿಕಾರಿ ಮುಗಿಯಬೇಕು, ಅಕ್ಟೋಬರ್ ಮೊದಲ ವಾರ ಇಲ್ಲಿ ಅಂದರೆ ಸುಮಾರು 7.40. ಒಂದೇ ಗಂಡು ಹೊಲದ ಅಂಚಿಗೆ ಬಂದದ್ದು 8.15ಕ್ಕೆ ಅನ್ನಿ. ಅಲ್ಲಿ ಕೂತರೆ ಕತ್ತಲೆ ಮಾತ್ರ. ಹಾಗಾಗಿ ಇನ್ನೊಂದು ಕ್ಯಾಮೆರಾವನ್ನು ಅದು ಬಂದ ದಾರಿಯಲ್ಲಿ ಹಿಂದಕ್ಕೆ, ತೋಪಿನ ನಡುವೆ ಕಟ್ಟುತ್ತೇನೆ: 7.45. ಮತ್ತೂ ಹಿಂದೆ, ಜೌಗು ಮುಗಿದು ಓಕ್ ಶುರುವಾಗುವಲ್ಲಿ: 7.15. ಮರಸು ಕೂರಬೇಕಾದದ್ದು ಅಲ್ಲಿ. ಆಮೇಲೆ ಪ್ರತಿ ಹಗಲಿನ ಫೋಟೋದ ತಾರೀಖಿಗೂ ಆ ಹೊತ್ತಿನ ಗಾಳಿಯ ದಿಕ್ಕನ್ನು ಹವಾಮಾನದ ದಾಖಲೆಯಿಂದ ತೆಗೆದು ಪಕ್ಕದಲ್ಲಿ ಬರೆಯುತ್ತೇನೆ. ಅದು ಬೆಳಕಿರುವಾಗ ಎದ್ದದ್ದು ಹೆಚ್ಚಾಗಿ ಪೂರ್ವದ ಗಾಳಿ ಇದ್ದ ಸಂಜೆಗಳಲ್ಲಿ, ಅಂದರೆ ಹೋಗುವ ಹೊಲದ ವಾಸನೆ ಮುಂದಿನಿಂದ ಮೂಗಿಗೆ ಬರುತ್ತಿದ್ದಾಗ, ಎಂದು ಪಟ್ಟಿ ಹೇಳಿದರೆ ನಾನು ಪೂರ್ವದ ಗಾಳಿಗೇ ಕಾಯುತ್ತೇನೆ. ಅಂಥ ದಿನ ಆ ದಾರಿಯ ಒಂದು ಮಗ್ಗುಲಿಗೆ, ನನ್ನ ವಾಸನೆ ಅದು ಮಲಗುವ ಜಾಗಕ್ಕೆ ತಾಗದಂತೆ ಕೂರಬೇಕು.

ಅಕ್ಟೋಬರ್ ಕೊನೆಗೆ ಬೆದೆಗಾಲ ಹತ್ತಿರವಾಗುತ್ತಿದ್ದಂತೆ ಗಂಡುಗಳು ನೆಲ ಕೆರೆಯತೊಡಗುತ್ತವೆ. ಅಂಥ ಒಂದು ಕೆರೆತದ ಎದುರು ತೆಗೆದ ವೀಡಿಯೋ ನನ್ನ ಬಳಿ ಇದೆ. ಗಂಡು ಬಂದು ಮೊದಲು ನಿಂತು ಗಾಳಿ ಹಿಡಿಯುತ್ತದೆ. ತಲೆಯ ಮೇಲೆ ಬಾಗಿದ ಕೊಂಬೆಯ ತುದಿಯನ್ನು ಮೂಸಿ, ಬಾಯಲ್ಲಿ ಕಚ್ಚಿ, ಕಣ್ಣಿನ ಮೂಲೆಯ ಗ್ರಂಥಿಯನ್ನು ಅದಕ್ಕೆ ನಿಧಾನವಾಗಿ ಒತ್ತಿ ಉಜ್ಜುತ್ತದೆ, ಆಮೇಲೆ ಹಣೆಯನ್ನು. ಮುಂಗಾಲಿನಿಂದ ಎಲೆಗಳನ್ನು ಹಿಂದಕ್ಕೆ ಚಿಮ್ಮಿ ಬರಿ ಮಣ್ಣು ಬಿಡಿಸುತ್ತದೆ. ಕೊನೆಗೆ ಹಿಂಗಾಲುಗಳ ಮಂಡಿ ಕೂಡಿಸಿ, ಅಲ್ಲಿನ ಕಪ್ಪು ಕೂದಲ ಮೇಲೆ ಹರಿಯುವಂತೆ ಉಚ್ಚೆ ಹೊಯ್ಯುತ್ತದೆ. ಮರುದಿನ ಇನ್ನೊಂದು ಗಂಡು ಅದೇ ಕೊಂಬೆಯನ್ನು ಮೂಸುತ್ತದೆ, ಹೆಣ್ಣುಗಳೂ ಬಂದು ಮೂಸುತ್ತವೆ. ಸುತ್ತಲಿನ ಎಲ್ಲ ಗಂಡುಗಳ ಹಾಜರಿ ತೆಗೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೂರಲು ಮಾತ್ರ ಅಷ್ಟು ಒಳ್ಳೆಯದಲ್ಲ, ಭೇಟಿಗಳಲ್ಲಿ ಹೆಚ್ಚಿನವು ಕತ್ತಲಲ್ಲಿ.

ಈ ವಿದ್ಯೆಯ ಹಿರಿಯರಲ್ಲಿ ಒಬ್ಬರು ಇದೇ ರಾಜ್ಯದ ಕಾಡಿನಲ್ಲಿ ಕೆಲಸ ಮಾಡಿದವರು. ಜಾರ್ಜ್ ಶಿರಾಸ್ ಮಿಶಿಗನ್‌ನ ಉತ್ತರ ಭಾಗದ ವೈಟ್‌ಫಿಶ್ ಕೆರೆಯ ಬಳಿ ತಂತಿ ಕಟ್ಟಿ, ಜಿಂಕೆ ತಾನೇ ಎಡವಿ ತನ್ನ ಫೋಟೋ ತೆಗೆದುಕೊಳ್ಳುವಂತೆ ಮಾಡಿದರು. 1906ರಲ್ಲಿ ಅವರ ಚಿತ್ರಗಳು ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳ ಪಟ್ಟೆ ನೋಡಿ ಎಣಿಕೆ ಮಾಡಿದ್ದೂ ಇಂಥ ಕ್ಯಾಮೆರಾಗಳಿಂದಲೇ. ನಾನು ಹರಿದ ಕಿವಿ ಹುಡುಕುತ್ತಾ ಕೂತಾಗ ಅದು ಬಹಳ ಸಲ ನೆನಪಾಗುತ್ತದೆ.

ಫೋಟೋವನ್ನು ಆ ಕ್ಷಣವೇ ಫೋನಿಗೆ ಕಳಿಸುವ ಸೆಲ್ಯುಲರ್ ಕ್ಯಾಮೆರಾ ಈಗ ಎಲ್ಲೆಡೆ ಇದೆ. ಶಿಕಾರಿಗೆ ನೆರವಾಗಲು ಟ್ರೇಲ್ ಕ್ಯಾಮೆರಾ ಬಳಸುವುದನ್ನೇ ಅರಿಜೋನಾ 2022ರ ಜನವರಿಯಿಂದ ನಿಷೇಧಿಸಿದೆ. ಮಿಶಿಗನ್‌ನಲ್ಲಿ ಆ ನಿಷೇಧವಿಲ್ಲ. ಆದರೂ ನನ್ನ ಸೆಲ್ಯುಲರ್ ಕ್ಯಾಮೆರಾ ಸೆಪ್ಟೆಂಬರ್ ಕೊನೆಗೆ ಕೆಳಗಿಳಿಯುತ್ತದೆ. ಜಿಂಕೆ ಈಗ ಎಲ್ಲಿದೆ ಎಂದು ಫೋನ್ ಹೇಳಿ, ನಾನು ಎದ್ದು ಅಲ್ಲಿಗೆ ಹೋಗಿ ಹೊಡೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಕ್ಯಾಮೆರಾ ಮುಂದೆ ಜೋಳ ಸುರಿದು ಕರೆಸುವುದಂತೂ ರಾಜ್ಯದ ಈ ಭಾಗದಲ್ಲಿ 2019ರಿಂದಲೇ ನಿಷಿದ್ಧ. ಒಂದೇ ಗುಡ್ಡೆಗೆ ಹತ್ತಾರು ಜಿಂಕೆ ಬಾಯಿ ಹಾಕಿದರೆ ಜೊಲ್ಲಿನಿಂದ ಸಿಡಬ್ಲ್ಯೂಡಿ ಎಂಬ ಮೆದುಳಿನ ರೋಗ ಹರಡುತ್ತದೆ. ರಾಜ್ಯದ ಕಾಡು ಜಿಂಕೆಯಲ್ಲಿ ಅದು ಮೊದಲು ಪತ್ತೆಯಾದದ್ದು 2015ರಲ್ಲಿ, ಲ್ಯಾನ್ಸಿಂಗ್ ಇರುವ ಇಂಗಮ್ ಕೌಂಟಿಯಲ್ಲೇ. ನಾನು ಹೊಡೆದ ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಡುತ್ತೇನೆ, ಫಲಿತಾಂಶ ಬರುವ ತನಕ ಮಾಂಸ ಫ್ರೀಜರಿನಲ್ಲೇ ಇರುತ್ತದೆ. ಜಿಂಕೆ ಹೊಡೆದ 72 ಗಂಟೆಯೊಳಗೆ ಅದರ ಆನ್‌ಲೈನ್ ವರದಿ ಕೊಡುವುದು ಕಡ್ಡಾಯ.

ಸೀಸನ್ ಮುಗಿದ ಮೇಲೂ ಎರಡು ಕ್ಯಾಮೆರಾ ತೋಪಿನಲ್ಲೇ ಬಿಡುತ್ತೇನೆ. ಕೊಂಬು ಉದುರುವ ಮೊದಲು, ಜನವರಿಯಲ್ಲಿ, ಜುಲೈನ ಪಟ್ಟಿಯಲ್ಲಿದ್ದ ಗಂಡುಗಳಲ್ಲಿ ಯಾರು ಉಳಿದಿದ್ದಾರೆಂದು ಒಂದೊಂದಾಗಿ ಗುರುತು ಹಾಕಬೇಕು. ಎಳೆಯದೆಂದು ಬಿಟ್ಟದ್ದು ಆ ಪಟ್ಟಿಯಲ್ಲಿ ಮತ್ತೆ ಸಿಕ್ಕರೆ, ಮುಂದಿನ ವರ್ಷದ ಮೊದಲ ಹೆಸರು ಅದರದ್ದೇ.