ಕೇಪು ಸಿಡಿದರೂ ಈಡು ಹಾರದ ಹೊಸ ಕೋವಿ

ಮೂಡಿಗೆರೆ ಹತ್ತಿರ ನಮ್ಮ ಗದ್ದೆ. ಹಂದಿ ಕಾಟ ಜಾಸ್ತಿ, ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ. ಅಜ್ಜನ ಕೋವಿ ಸವೆದಿತ್ತು. ಹೋದ ವರ್ಷ ಕಾರ್ಖಾನೆಯ ಹೊಸ ಕೇಪಿನ ಕೋವಿ ತಂದೆ. ಕೇಪು ಅಂದರೆ ಪೆಟ್ಟು ಬಿದ್ದಾಗ ಸಿಡಿಯುವ ಸಣ್ಣ ಲೋಹದ ಟೋಪಿ. ಅದರ ಕಿಡಿ ನಳಿಗೆಯಲ್ಲಿ ತುಂಬಿದ ಈಡಿಗೆ (ಮದ್ದು-ಗುಂಡಿಗೆ) ತಾಗಬೇಕು. ಮೊದಲ ರಾತ್ರಿಯೇ ಕೇಪು ಚಟ್ ಎಂದಿತು, ಈಡು ಹಾರಲಿಲ್ಲ. ಬೆದರಿಸಲು ಒಂದು ಸದ್ದೂ ಬರಲಿಲ್ಲ!

ಮಸಿಗೆ, ಅಂದರೆ ಕೋವಿಯ ಮದ್ದಿಗೆ, ತೇವ ಹಿಡಿದಿರಬೇಕು ಅಂದುಕೊಂಡೆ, ಮಳೆಗಾಲ ಅಲ್ವಾ. ಒಣಗಿದ ಮಸಿ ಹಾಕಿದರೂ ಅದೇ ಕಥೆ. ಸುಮ್ನೆ ಕೆದಕದೆ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ದೆ. ಅವರು ಈಡು ತೆಗೆದು, ನಳಿಗೆಗೆ ಗಜ (ಉದ್ದನೆಯ ಕೋಲು) ಇಳಿಸಿ ಖಾಲಿ ಎಂದು ಖಾತ್ರಿ ಮಾಡಿಕೊಂಡೇ ಕೇಪು ಕೂರಿಸುವ ನಿಪ್ಪಲ್ ಬಿಚ್ಚಿದರು. ಕಿಡಿ ಹೋಗುವ ಸಣ್ಣ ತೂತಿನಲ್ಲಿ ಕಾರ್ಖಾನೆಯ ಗ್ರೀಸ್ ಗಟ್ಟಿಯಾಗಿ ಕೂತಿತ್ತು. ಜೊತೆಗೆ ಕೊರೆದಾಗಿನ ಕಬ್ಬಿಣದ ಚೂರು. ನಿಪ್ಪಲ್ಲಿನ ಥ್ರೆಡ್ ಕೂಡ ಸಡಿಲ. ಅಜ್ಜನ ಕೋವಿಯಲ್ಲಿ ಮರಕ್ಕೂ ನಳಿಗೆಗೂ ನಡುವೆ ಕೂದಲು ತೂರದು. ಇದರಲ್ಲಿ ಸಂದಿಗೆ ಮೇಣ ಮೆತ್ತಿದ್ದಾರೆ. ದುಡ್ಡು ಕೊಟ್ಟವನಿಗೆ ಹೊಟ್ಟೆ ಉರಿಯುತ್ತದೆ.

ಬಿಸಿ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸರಿಯಾಗಿ ಕೂರುವ ಹೊಸ ನಿಪ್ಪಲ್ ಹಾಕಿದರು. ಆಮೇಲೆ ಒಮ್ಮೆಯೂ ಕೈ ಕೊಟ್ಟಿಲ್ಲ. ಸುಟ್ಟ ಮಸಿ ತೇವ ಎಳೆದು ತುಕ್ಕು ತರಿಸುತ್ತದೆ. ಹಾಗಾಗಿ ಹೊಡೆದ ದಿನವೇ ನಳಿಗೆ ತೊಳೆದಿಡುತ್ತೇನೆ.